ಎಳ್ಳಮಾಸಿ ದಿನ ನಾಕು ವರ್ಷದ ಕ್ಯಾಲೆಂಡರ್ ಬಿಚ್ಚಿ ಕೂತ್ವಿ

30 ಡಿಸೆಂಬರ್ 2024, ಸೋಮವಾರ
ದೇವದುರ್ಗ ತಾಲೂಕು, ರಾಯಚೂರು ಜಿಲ್ಲೆ

ಇವತ್ತು ಎಳ್ಳಮಾಸಿ, ಊರಿಗೂರೇ ಚರಗ ಚೆಲ್ಲಾಕ, ಅಂದ್ರ ಭೂಮಿತಾಯಿಗೆ ಎಡಿ ಹಿಡಿಯಾಕ, ಹೊಲಕ್ಕ ಹೋಗಿತ್ತು, ಆಸ್ಪತ್ರಿಯೊಳಗ ಗದ್ದಲಿಲ್ಲ. ಒಂದು ಡ್ರೆಸ್ಸಿಂಗು, ಎರಡು ಬಿಪಿ ನೋಡಿದ್ದು ಬಿಟ್ರ ಕೆಲಸ ಇರ್ಲಿಲ್ಲ, ಅದಕ್ಕ ಫಿಟ್ಸ್ ಪೇಷಂಟ್‌ಗಳದು ನಾ ಇಟ್ಟಿರೋ ನೋಟ್‌ಬುಕ್ ತಗೊಂಡು ಕೂತೆ. ಹನ್ನೊಂದರ ಸುಮಾರಿಗೆ ಆ ಅವ್ವ ಬಂದ್ಲು, ತಲಿಮ್ಯಾಲ ಬುತ್ತಿ ಗಂಟು, ಕಂಕುಳಾಗ ಸುತ್ತಿದ ಕ್ಯಾಲೆಂಡರ್, ಹಿಂದ ಮಗ. ಹೊಲಕ್ಕ ಹೊಂಟೋರು ಗುಳಿಗಿ ತಗೊಂಡೇ ಹೋಗೂಣಂತ ಬಂದಿದ್ರು.

ಹುಡುಗಗ ಈಗ ಇಪ್ಪತ್ಮೂರು, ಒಂಬತ್ತನೇ ವಯಸ್ಸಿನಿಂದ ಫಿಟ್ಸು. 2021ರ ಜನವರಿಯೊಳಗ ನಾನೇ ಅವರಿಗೆ ಒಂದು ಕ್ಯಾಲೆಂಡರ್ ಕೊಟ್ಟು ಹೇಳಿದ್ದೆ, ಯಮ್ಮಾ ನಿನಗ ಓದಾಕ ಬರೆಯಾಕ ಬರದಿದ್ರೂ ನಡೀತದ, ಗುಳಿಗಿ ನುಂಗಿದ ದಿನ ಒಂದು ಗೀಟು ಎಳಿ, ಫಿಟ್ಸ್ ಬಂದ ದಿನ ಕೆಂಪು ಚುಕ್ಕಿ ಇಡು ಅಂತ. ಆಕಿ ನಾಕು ವರ್ಷ ಗುರುತು ಹಾಕೋದು ಒಮ್ಮೆನೂ ತಪ್ಪಿಸಿಲ್ಲ. ಕೆಂಪು ಪೆನ್ನು ಮುಗಿದಾಗ ಕುಂಕುಮ ಹಚ್ಚ್ಯಾಳ, ಹಾಳಿ ಹಿಂದ ಎಣ್ಣಿ ಕಲಿ ಮೂಡ್ಯದ. ಕೂಲಿ ಹುಡುಕ್ಕೊಂಡು ಗೂಳೇ ಹೋಗೋವಾಗ ಕ್ಯಾಲೆಂಡರ್ ಸುತ್ತಿ ಬಾಂಡೆ ಚೀಲದಾಗ ಹಾಕ್ಕೊಂಡು ಬೆಂಗಳೂರಿಗೂ ಒಯ್ದಾಳ.

ಮೊದಲಿಂದ ಆಕಿದು ಒಂದೇ ಮಾತು, ಅಮಾಸಿ ಹುಣ್ಣಿಮಿಗೇ ಬರ್ತಾವ್ರಿ ಅಂತ. ಊರಾಗ ಎಲ್ಲಾರೂ ಹಂಗ ಅಂತಾರ. ಇವತ್ತು ಖುದ್ದು ಅಮಾಸಿನೇ ಇತ್ತಲ್ಲ, ಬಾ ಯಮ್ಮಾ ನೋಡೇ ಬಿಡೂಣು ಅಂತ ನಾಕೂ ಕ್ಯಾಲೆಂಡರ್ ಟೇಬಲ್ ಮ್ಯಾಲ ಹಾಸಿದ್ವಿ. ಒಟ್ಟು ಮೂವತ್ತೊಂದು ಚುಕ್ಕಿ. ಅಮಾಸಿ ದಿನ ಬಿದ್ದದ್ದು ಒಂದು, ಹುಣ್ಣಿಮಿ ದಿನ ಒಂದೂ ಇಲ್ಲ. ಉಳಿದವು ಎಲ್ಲಿ ಅದಾವ ಅಂತ ನೋಡಿದ್ರ, ಗೀಟು ಎಲ್ಲಿ ನಿಂತಾವೋ ಅಲ್ಲಿಂದ ಎರಡು ದಿನಕ್ಕ, ಮೂರು ದಿನಕ್ಕ ಚುಕ್ಕಿ ಶುರು. ಬೆಂಗಳೂರಾಗ ಗುಳಿಗಿ ಮುಗಿದಾಗ, ಜಾತ್ರಿಗೆ ರಾತ್ರಿಯೆಲ್ಲಾ ನಿದ್ದಿಗೆಟ್ಟಾಗ, ರಾತ್ರಿ ಕರೆಂಟ್ ಬಂದಾಗ ನೀರು ಹಾಯಿಸಾಕ ಹೋದಾಗ, ಒಮ್ಮೆ ಜ್ವರ ಬಂದಾಗ. ಆ ಅವ್ವ ಬೆರಳಿಟ್ಟು ಇಟ್ಟು ನೋಡಿದ್ಲು, ಸುಮ್ನ ಕೂತ್ಲು, ಆಮ್ಯಾಲ "ನಾ ಇಷ್ಟು ವರ್ಷ ಅಮಾಸಿ ಮ್ಯಾಲ ಸಿಟ್ಟಾಗಿದ್ನೆಲ್ರೀ ಸಿಸ್ಟರಮ್ಮ" ಅಂದ್ಲು. ನನಗ ಗಂಟಲು ಕಟ್ಟಿ ಬಂತು.

ಕೊನೀ ಚುಕ್ಕಿ 2023ರ ಫೆಬ್ರವರಿದು. ಅಂದ್ರ ಇಪ್ಪತ್ತೆರಡು ತಿಂಗಳಾತು. ಹುಡುಗ ಅದನ್ನೇ ಹಿಡ್ಕೊಂಡು ಕೂತಾನ, ಎರಡು ವರ್ಷ ಬರಲಿಲ್ಲಂದ್ರ ಗುಳಿಗಿ ಬಿಡಬಹುದಂತಲ್ಲಕ್ಕಾ, ಇನ್ನೆರಡು ತಿಂಗಳಿಗೆ ಬಿಡ್ತೀನಿ ಅಂತ. ನಾ ಹೇಳಿದೆ, ತಮ್ಮಾ, ಎರಡು ವರ್ಷ ಅನ್ನೋದು ಡಾಕ್ಟರು ಯೋಚನೆ ಮಾಡಾಕ ಶುರು ಮಾಡೋ ಹೊತ್ತು, ನೀ ಬಿಡೋ ಹೊತ್ತಲ್ಲ. ಯಾವ ತರದ ಫಿಟ್ಸು, ಸ್ಕ್ಯಾನ್‌ನಾಗ ಮಿದುಳಿನ್ಯಾಗ ಏನರ ಕಲಿ ಅದ ಏನು, ಮಿದುಳಿನ ಕರೆಂಟ್ ನೋಡೋ ಇಇಜಿ ಹೆಂಗದ ಎಲ್ಲಾ ನೋಡ್ತಾರ, ಬಿಡಸೂಣಂದ್ರೂ ಡೋಸ್ ಸ್ವಲ್ಪ ಸ್ವಲ್ಪ ಇಳಿಸ್ಕೊಂತ ತಿಂಗಳುಗಟ್ಟಲೆ ತಗೋತಾರ. ಒಮ್ಮೆಲೇ ನಿಲ್ಲಿಸಿದ್ರ ಫಿಟ್ಸ್ ಒಂದರ ಬೆನ್ನಿಗೊಂದು ಬರಬಹುದು, ಐದು ನಿಮಿಷ ದಾಟಿದ್ರ ಜೀವಕ್ಕೇ ಕುತ್ತು. ಬಾಯಿ ತೆಗೆಸಿ ಒಸಡು ನೋಡಿದೆ, ಫೆನಿಟಾಯಿನ್ ಅನ್ನೋ ಫಿಟ್ಸ್ ಗುಳಿಗಿ ವರ್ಷಾನುಗಟ್ಟಲೆ ನುಂಗೋರೊಳಗ ಭಾಳ ಮಂದಿಗೆ ಒಸಡು ಊದಿ ಹಲ್ಲಿನ ಮ್ಯಾಲ ಬೆಳೀತದ, ಇವನಿಗೆ ಸ್ವಲ್ಪ ಶುರುವಾಗ್ಯದ. ಜನವರಿಯೊಳಗ ರಾಯಚೂರಿಗೆ ದೊಡ್ಡ ಡಾಕ್ಟರ ಹತ್ರ ಹೋಗಿ ಎರಡೂ ವಿಷಯ ಕೇಳ್ಕೊಂಡು ಬರ್ರಿ ಅಂತ ಚೀಟಿ ಬರ್ಕೊಟ್ಟೆ.

ಅವನ ಅವಸರಕ್ಕ ಕಾರಣ ಬ್ಯಾರೆ ಇತ್ತು. ಹೆಣ್ಣು ನೋಡ್ಯಾರ. ಮದುವಿ ಆದಮ್ಯಾಲ ಗುಳಿಗಿ ಕಂಡ್ರ ಹುಡುಗಿ ಮನಿಯವರು ಏನಂತಾರ ಅನ್ನೋ ಅಂಜಿಕಿ. ನಾ ಕೂಡಿಸಿ ಹೇಳಿದೆ, ಈ ರೋಗ ಇದ್ದೋರು ಮದುವಿ ಆಗಬಾರದು ಅಂತ ಕಾನೂನಿನ್ಯಾಗ ಇದ್ದ ಮಾತನ್ನ 1999ರಾಗೇ ಹಿಂದೂ ವಿವಾಹ ಕಾಯ್ದೆಯಿಂದ ತೆಗೆದು ಹಾಕ್ಯಾರ. ಹೇಳಿ ಮದುವಿ ಆಗು. ಮುಚ್ಚಿಟ್ರ ಅಟ್ಟದ ಮ್ಯಾಲ ಗುಳಿಗಿ ಬಚ್ಚಿಡ್ತಿ, ಬಚ್ಚಿಟ್ಟ ಗುಳಿಗಿ ತಪ್ತದ, ತಪ್ಪಿದ್ರ ಹೊಸ ಹೆಂಡತಿ ಮುಂದೇ ಬೀಳ್ತಿ. ಅವನು ನೆಲ ನೋಡ್ಕೊಂತ ಹೂಂ ಅಂದ. ಹೇಳ್ತಾನೋ ಇಲ್ಲೋ ಗೊತ್ತಿಲ್ಲ. ಆ ಹುಡುಗಿ ಜೋಡಿ ನಾನೇ ಮಾತಾಡ್ತೀನಿ, ಕರ್ಕೊಂಡು ಬಾ ಅಂದೀನಿ.

ಹಿಂದೊಮ್ಮೆ ಟ್ರೇನಿಂಗ್‌ನ್ಯಾಗ ಯಳಂದೂರಿನ ವಿಷಯ ಕೇಳಿದ್ದೆ, ಅದು ತಲಿಯಿಂದ ಹೋಗವಲ್ದು. ಡಾ. ಕೆ.ಎಸ್. ಮಣಿ ಮತ್ತ ಅವರ ತಂಡದೋರು ಚಾಮರಾಜನಗರ ಜಿಲ್ಲೆಯ ಯಳಂದೂರು ಕಡೆ ಹಳ್ಳಿಯೊಳಗ ಫಿಟ್ಸ್ ಇದ್ದೋರಿಗೆ ಫಿನೋಬಾರ್ಬಿಟೋನ್ ಇಲ್ಲಾ ಫೆನಿಟಾಯಿನ್ ಕೊಟ್ಟು ಐದು ವರ್ಷದ ತನಕ ಬೆನ್ನು ಹತ್ತಿ ನೋಡಿಕೊಂಡಿದ್ರು, ಅದು 2001ರಾಗ ಲ್ಯಾನ್ಸೆಟ್ ಅನ್ನೋ ದೊಡ್ಡ ಪತ್ರಿಕೆಯೊಳಗ ಬಂತು. ಕೊಟ್ಟದ್ದು ಭಾಳ ಅಗ್ಗದ, ಹಳೇ ಗುಳಿಗಿನೇ. ಸರಿಯಾಗಿ ಔಷಧ ಸಿಕ್ರ ನೂರಕ್ಕ ಎಪ್ಪತ್ತು ಮಂದಿ ತನಕ ಫಿಟ್ಸ್ ಇಲ್ದ ಬಾಳಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆನೂ ಹೇಳ್ತದ. ನಮ್ಮ ಕಡೆ ತೊಂದ್ರಿ ಇರೋದು ಬೆನ್ನು ಹತ್ತೋದ್ರಾಗ. ಸುಗ್ಗಿ ಮುಗೀತಿದ್ದಂಗ ಜನ ಗೂಳೇ ಹೋಗ್ತಾರ, ನಾವು ಒಂದು ತಿಂಗಳ ಗುಳಿಗಿ ಕೊಟ್ಟು ಮುಂದಿನ ತಿಂಗಳು ಬರ್ರಿ ಅಂತೀವಿ, ಅವರು ಎಲ್ಲಿಂದ ಬರ್ಬೇಕು?

ಇದನ್ನ ಬರೀಲೇಬೇಕು. ನನ್ನ ನೋಟ್‌ಬುಕ್ಕಿನ ಹದಿನಾಲ್ಕನೇ ಹಾಳಿಯೊಳಗ ಒಬ್ಬರ ಹೆಸರಿನ ಮುಂದ ಮೂರು ತಿಂಗಳು "ಬಂದಿಲ್ಲ, ಬಂದಿಲ್ಲ, ಬಂದಿಲ್ಲ" ಅಂತ ನನ್ನ ಕೈಯಾರೆ ಬರ್ದೀನಿ. ಫೋನ್ ನಂಬರ್ ಅಲ್ಲೇ ಪಕ್ಕದಾಗಿತ್ತು. ನಾ ಹಚ್ಚಲಿಲ್ಲ. ನಾಕನೇ ತಿಂಗಳು ನಾರಾಯಣಪುರ ಬಲದಂಡೆ ಕಾಲುವಿಯೊಳಗ ಎತ್ತು ಮೈ ತೊಳ್ಯಾಕ ಇಳಿದಾಗ ಫಿಟ್ಸ್ ಬಂದು ಹೋಗಿಬಿಟ್ರು, ಮೊಣಕಾಲು ಮಟ್ಟದ ನೀರಾಗ. ಗುಳಿಗಿ ಮುಗಿದು ಎರಡು ತಿಂಗಳಾಗಿತ್ತಂತ ಅವರ ಹೆಂಡತಿ ಹೇಳಿದ್ಲು. ಆ ಹಾಳಿ ನಾ ಹರಿದಿಲ್ಲ.

ಅದಕ್ಕ ಅವ್ವ ಮಗ ಹೋದಮ್ಯಾಲ, ಈ ತಿಂಗಳು "ಬಂದಿಲ್ಲ" ಅಂತಿರೋ ಐದು ಮಂದಿಗೂ ಫೋನ್ ಹಚ್ಚಿದೆ. ಎರಡು ಸ್ವಿಚ್ ಆಫ್, ನಾಳೆ ಆಶಾ ಅಕ್ಕನ್ನ ಮನಿಗೆ ಕಳಸ್ಬೇಕು. ಒಬ್ಬಾಕಿ ತವರುಮನಿಯಾಗದಾಳ, ಅಲ್ಲೇ ತಗೊಳ್ಳಾಕತ್ತಾಳ. ಒಬ್ಬರು ಗುರುವಾರ ಬರ್ತೀನಂದ್ರು. ಐದನೇದವ ಬೆಂಗಳೂರಾಗ ಕಟ್ಟಡದ ಕೆಲಸಕ್ಕದಾನ, ಫೋನ್ ಎತ್ತಿದವ ಮೇಸ್ತ್ರಿ, ನಾ ಆಸ್ಪತ್ರಿ ಅಂದಕೂಡ್ಲೇ ಅಂಜಿ ಅವನ ಕೈಗೆ ಕೊಟ್ಟ. ಎಷ್ಟನೇ ಮಾಳಿಗಿ ಮ್ಯಾಲ ನಿಂತಿಯೋ ತಮ್ಮಾ ಅಂತ ಕೇಳಿದೆ. ಮೂರನೇದು ಅಂದ. ಮೊದಲು ಕೆಳಗಿಳಿ, ಗುಳಿಗಿ ಚೀಟಿ ಫೋಟೋ ಹೊಡೆದು ಕಳಸು, ಅಲ್ಲಿ ಸರ್ಕಾರಿ ಆಸ್ಪತ್ರಿಯೊಳಗ ಅದನ್ನೇ ತೋರ್ಸು, ಮೇಸ್ತ್ರಿಗೆ ನಾ ಹೇಳ್ತೀನಿ ಕೆಳಗಿನ ಕೆಲಸ ಕೊಡಂತ.

ಸಂಜಿ ಆರಕ್ಕ ವಾಟ್ಸಾಪ್‌ನ್ಯಾಗ ಫೋಟೋ ಬಂತು. ಸಿಮೆಂಟ್ ಮೆತ್ತಿದ ಅಂಗೈ ಮ್ಯಾಲ ಗುಳಿಗಿ ಶೀಟು, ಹತ್ತರಾಗ ನಾಕು ಉಳಿದಾವ.