ಅಜ್ಜಿಯ ಮದುವೆ, ಭಾವನ ವಾದ

12 ಮೇ 2024, ಭಾನುವಾರ
ತುಮಕೂರು

ಸೋದರಮಾವನನ್ನು ಮದುವೆಯಾಗುವುದು ನಮ್ಮ ಕಡೆ ಸುದ್ದಿಯೇ ಅಲ್ಲ. ಹರಿಯಾಣದ ರೋಹ್ತಕ್ ಕಡೆಯವರಿಗೆ ಅದು ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳುವಂಥ ಸುದ್ದಿ.

ಇವತ್ತು ಅಕ್ಕನ ಆಫೀಸಿನ, ರೋಹ್ತಕ್ ಕಡೆಯವರೊಬ್ಬರು ಊಟಕ್ಕೆ ಬಂದಿದ್ದರು. ಗೋಡೆ ಮೇಲಿನ ತಾತನ ಫೋಟೋ ನೋಡಿ ಯಾರು ಅಂತ ಕೇಳಿದರು. ತಾತ, ಅಜ್ಜಿಯ ಅಮ್ಮನ ಸ್ವಂತ ತಮ್ಮ ಕೂಡ ಅಂತ ಅಕ್ಕ ಸುಮ್ನೆ ಹೇಳಿಬಿಟ್ಟಳು. ಅವರ ಮುಖ ನೋಡಬೇಕಿತ್ತು. ಅವರ ಕಡೆ ಒಂದೇ ಗೋತ್ರ ಬಿಡಿ, ಒಂದೇ ಊರಿನ ಹುಡುಗ ಹುಡುಗಿಯೂ ಅಣ್ಣ ತಂಗಿ ಲೆಕ್ಕ. "ಇದು ತಪ್ಪಲ್ವಾ?" ಅಂತ ಹಿಂದಿಯಲ್ಲಿ, ಪಾಪ, ತುಂಬಾ ಮೆತ್ತಗೆ ಕೇಳಿದರು.

ಭಾವ ಕೂಡಲೇ, "ನಿಮ್ಮೂರಲ್ಲಿ ತಪ್ಪು, ನಮ್ಮೂರಲ್ಲಿ ಸರಿ. ಅದರಾಚೆಗೆ ಸರಿ ತಪ್ಪು ಅಂತ ಏನೂ ಇಲ್ಲ" ಅಂದರು.

ಇದು ಭಾವನ ಹಳೇ ಮಾತು. ಓದಿದವರು ನೈತಿಕ ಸಾಪೇಕ್ಷವಾದ ಅನ್ನುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ, ಕೆಲವು ಕೆಲಸ ಎಲ್ಲಿ ಮಾಡಿದರೂ ತಪ್ಪೇ ಅನ್ನುವವರ ಕಡೆ ನಾನು. ನಮ್ಮ ಕಡೆಯವರು ಇಂಥ ಹೊತ್ತಲ್ಲಿ ಬಿಡುವ ಬಾಣ ಒಂದೇ: ಹಾಗಾದ್ರೆ ಸತಿ ಹೋಗೋದು ಸರೀನಾ? ಎದುರಿನವರು ಸರಿ ಅಂತ ಹೇಳಿಯೇ ಇರುವುದಿಲ್ಲ, ನಾವೇ ಅವರ ಬಾಯಿಗೆ ಆ ಮಾತು ತುರುಕಿ ನಾವೇ ಗೆದ್ದು ಎದ್ದು ಹೋಗುತ್ತೇವೆ. ಭಾವ ರೈಲ್ವೆಯಲ್ಲಿ ಊರೂರು ಸುತ್ತಿದವರು. ಮಾಂಸ ತಿನ್ನುತ್ತಾರೆ ಅಂತ ಬಾಡಿಗೆ ಮನೆ ಸಿಗದೆ ಅಲೆದವರು. ನೀತಿಯ ಹೆಸರು ಹೇಳಿಕೊಂಡು ಮೂಗು ಮುರಿಯುವವರನ್ನು ಜಾಸ್ತಿ ನೋಡಿದ್ದಾರೆ. ಅವರ ವಾದದ ಬೇರು ಅಲ್ಲಿದೆ. ಆ ಬೇರನ್ನು ಬಿಟ್ಟು ಸತಿ ಬಗ್ಗೆ ಕೇಳಿದರೆ ಅವರಿಗೆ ನಾನೂ ಆ ಮನೆ ಮಾಲೀಕರ ಹಾಗೇ ಕಾಣುತ್ತೇನೆ.

ಅದಕ್ಕೇ ಸುಮ್ಮನಿದ್ದೆ. ಮಾತಾಡಿದ್ದು ಅಜ್ಜಿ. "ನಂಗೆ ಅತ್ತೆ ಅಂದ್ರೆ ನಮ್ಮಜ್ಜೀನೇ ಕಣಪ್ಪಾ. ಬೇರೆ ಮನೆಗೆ ಕೊಟ್ಟಿದ್ರೆ ಯಾರ ಕೈಲಿ ಏಟು ತಿಂತಿದ್ನೋ." ಅಕ್ಕ ಅದನ್ನು ಹಿಂದಿಯಲ್ಲಿ ಹೇಳಿದಳು. ಆ ಮನುಷ್ಯ ಸ್ವಲ್ಪ ಯೋಚನೆ ಮಾಡಿ, ತಮ್ಮ ಊರಲ್ಲೂ ಹೆಣ್ಣುಮಕ್ಕಳು ನೆಮ್ಮದಿಯಾಗಿ ಓಡಾಡಲಿ ಅಂತಲೇ ಊರಿನವರೆಲ್ಲ ಅಣ್ಣ ತಮ್ಮಂದಿರು ಅನ್ನೋದು ಅಂದರು. ನಿಯಮ ಪೂರ್ತಿ ಉಲ್ಟಾ, ಹಿಂದಿರುವ ಭಯ ಒಂದೇ. ನನಗೆ ಹಿಡಿಸಿದ್ದು ಇನ್ನೊಂದು. ಅಜ್ಜಿ ನಮ್ಮ ಪದ್ಧತಿ ಅಂತ ಹೇಳಿ ಬಾಯಿ ಮುಚ್ಚಿಸಲಿಲ್ಲ, ಕಾರಣ ಕೊಟ್ಟಳು. ಕಾರಣ ಅಂತ ಒಂದು ಬಂದ ಮೇಲೆ ಅದನ್ನು ಹರಿಯಾಣದವರೂ ತೂಗಿ ನೋಡಬಹುದು, ಬೇಡ ಅನ್ನಲೂಬಹುದು. ಊರಿಗೊಂದು ನ್ಯಾಯ ಅನ್ನುವ ಗೆರೆ ಅಲ್ಲೇ ಸ್ವಲ್ಪ ಅಳಿಸಿತು ಅನ್ನಿಸಿತು ನನಗೆ. ಹೇಳಿದೆ ಕೂಡ.

ಭಾವ ಬಿಡಲಿಲ್ಲ. 1955ರ ಹಿಂದೂ ವಿವಾಹ ಕಾಯ್ದೆ ತೆಗೆದರು. ಅದರ 5ನೇ ಸೆಕ್ಷನ್ ಪ್ರಕಾರ ಸೋದರಮಾವ ಮತ್ತು ಅಕ್ಕನ ಮಗಳ ಮದುವೆ ನಿಷೇಧ, ಆದರೆ ಎರಡೂ ಕಡೆಯ ರೂಢಿ ಒಪ್ಪಿದರೆ ಸರಿ. "ಕಾನೂನೇ ನನ್ನ ಪಾರ್ಟಿ ನೋಡು!" ಒಳ್ಳೇ ಪಾಯಿಂಟು, ಒಪ್ಪಿಕೊಂಡೆ. ಆದರೆ ಹುಡುಗಿಯರನ್ನು ದೇವದಾಸಿಯಾಗಿ ಬಿಡುವುದೂ ರೂಢಿಯೇ ಆಗಿತ್ತಲ್ಲ, 1982ರಲ್ಲಿ ನಮ್ಮ ರಾಜ್ಯವೇ ಕಾನೂನು ತಂದು ನಿಲ್ಲಿಸಿತಲ್ಲ ಭಾವ, ಅಲ್ಲಿ ಯಾಕೆ ರೂಢಿಗೆ ಬೆಲೆ ಕೊಡಲಿಲ್ಲ ಅಂದೆ. "ಅದನ್ನ ನಿಲ್ಲಿಸಿದ್ದೂ ಇಲ್ಲಿನವರೇ. ಊರು ತನ್ನ ನ್ಯಾಯ ತಾನೇ ಬದಲಾಯಿಸ್ಕೊಳ್ತು" ಅಂದರು. ನಡುವೆ ಅಕ್ಕ, ಇಂಥ ಮದುವೆಯಲ್ಲಿ ಗಂಡ ಹೆಂಡತಿಗೆ ಸರಾಸರಿ ಕಾಲು ಭಾಗ ಜೀನು ಒಂದೇ ಇರುತ್ತವೆ, ಮಕ್ಕಳಿಗೆ ಕೆಲವು ಹುಟ್ಟು ಕಾಯಿಲೆಗಳ ಅಪಾಯ ಜಾಸ್ತಿ, ಅದು ತುಮಕೂರಿಗೂ ರೋಹ್ತಕ್‌ಗೂ ಒಂದೇ ಅಂದಳು. ಭಾವ ಅದನ್ನೂ ಒಪ್ಪಿದರು. "ಅಪಾಯ ಎಷ್ಟಿದೆ ಅಂತ ಡಾಕ್ಟರ್ ಹೇಳ್ತಾರೆ. ಎಷ್ಟು ಅಪಾಯ ತಗೋಬಹುದು ಅಂತ ಯಾರು ಹೇಳೋದು?" ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಕೊನೆಗೆ ಹರಿಯಾಣದ ಕೈಥಲ್ ವಿಷಯ ತೆಗೆದಿದ್ದು ಊಟಕ್ಕೆ ಬಂದವರೇ. 2007ರಲ್ಲಿ ಒಂದೇ ಗೋತ್ರದವರು ಮದುವೆಯಾದರು ಅಂತ ಹುಡುಗಿಯ ಮನೆಯವರೇ ಇಬ್ಬರನ್ನೂ ಕೊಂದಿದ್ದು, 2010ರಲ್ಲಿ ಕರ್ನಾಲ್ ಕೋರ್ಟು ಐವರಿಗೆ ಗಲ್ಲು ಹೇಳಿದ್ದು, ಆಮೇಲೆ ಹೈಕೋರ್ಟಿನಲ್ಲಿ ಗಲ್ಲು ಉಳಿಯದೇ ಹೋಗಿದ್ದು. ಊರಿಗೊಂದು ನ್ಯಾಯ ಅಂದಾಗೆಲ್ಲ ತಮಗೆ ಅದೇ ನೆನಪಾಗುತ್ತದೆ ಅಂದರು. ಅವರ ಭಯವೂ ಆಗ ಅರ್ಥವಾಯಿತು.

"ಅದು ಅಲ್ಲೂ ತಪ್ಪೇ" ಅಂದರು ಭಾವ, ಒಂದು ಕ್ಷಣವೂ ತಡಮಾಡದೆ. ಸಿಕ್ಕಿಬಿದ್ರಿ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಅನ್ನಲಿಲ್ಲ, ಯಾಕೆ ತಪ್ಪು ಅಂತ ಕೇಳಿದೆ. "ಸತ್ತ ಆ ಇಬ್ಬರೂ ಅದೇ ಊರಿನವರಲ್ವಾ? ಊರಿನ ನ್ಯಾಯ ಅಂದ್ರೆ ದೊಡ್ಡವರದ್ದು ಮಾತ್ರಾನಾ?" ನಾನು ಅಂದುಕೊಂಡಿದ್ದಕ್ಕಿಂತ ಗಟ್ಟಿ ಉತ್ತರ. ಆದರೂ ಸಾಕಾಗಲಿಲ್ಲ. ಊರೆಲ್ಲ ಒಪ್ಪಿದ್ದರೆ, ಆ ಹುಡುಗಿಯೂ ನನ್ನದು ತಪ್ಪು, ಕೊಲ್ಲಿ ಅಂದಿದ್ದರೆ?

"ಆಗಲೂ ಅಡ್ಡ ನಿಲ್ತೀನಿ. ಇಡೀ ಜಗತ್ತಿನ ನ್ಯಾಯ ನನ್ನ ಹಿಂದೆ ಇದೆ ಅಂತ ಮಾತ್ರ ಹೇಳ್ಕೊಳ್ಳಲ್ಲ" ಅಂದರು ಭಾವ.

ನಾನಾದರೆ ಹೇಳಿಕೊಳ್ಳುತ್ತೇನೆ. ನಮ್ಮಿಬ್ಬರ ನಡುವೆ ಉಳಿದಿರುವ ಅಂತರ ಇಷ್ಟೇನಾ ಅಂತ ಈಗ ಬರೆಯುವಾಗ ಅನುಮಾನ. ಅಡ್ಡ ನಿಲ್ಲೋದು ನಿಮ್ಮ ಇಷ್ಟ ಮಾತ್ರ ಆಗಿದ್ದರೆ, ಇನ್ನೊಬ್ಬರೂ ಬಂದು ಪಕ್ಕದಲ್ಲಿ ನಿಲ್ಲಲಿ ಅಂತ ಯಾಕೆ ಬಯಸುತ್ತೀರಿ ಭಾವ? ಇದನ್ನು ಮುಂದಿನ ವಾರ ಕೇಳಬೇಕು. ಅವರು ಏನೋ ಒಂದು ಹೇಳೇ ಹೇಳುತ್ತಾರೆ.