ಕಣದಲ್ಲಿ ಬಿದ್ದ ಮಾತು

ಭಾನುವಾರ ಚಿಕ್ಕಪ್ಪನ ಮಗ ಬೆಂಗಳೂರಿನಿಂದ ಕೊಡಗಿನ ನಮ್ಮ ತೋಟಕ್ಕೆ ಬಂದಿದ್ದ. ರೊಬಸ್ಟಾ ಕೊಯ್ಲು ಮುಗಿಯುವ ಹೊತ್ತು, ಕಣದ ತುಂಬ ಕಾಫಿ. ಜಗಲಿಯಲ್ಲಿ ಕೂತವನೇ ರಾಜಕೀಯ ಶುರು ಮಾಡಿದ. ಹಳ್ಳಿಯವರಿಗೆ ಬುದ್ಧಿ ಇಲ್ಲವಂತೆ, ನೋಟು ಕೊಟ್ಟವರಿಗೆ ಓಟು ಹಾಕ್ತಾರಂತೆ. ಒಳ್ಳೆ ಹುಡುಗ. ಆದರೆ ಕುಶಾಲನಗರ ದಾಟಿದ ಕೂಡಲೇ ಮೇಷ್ಟ್ರಾಗಿಬಿಡುತ್ತಾನೆ.

"ಒಂದು ಓಟಿಗೋಸ್ಕರ ನಾನು ಅಲ್ಲಿಂದ ಬರ್ತೀನಿ, ಗೊತ್ತಾ?" ಅಂದ. ನಿಜ. 2024ರ ಏಪ್ರಿಲ್ 26ರ ಎಂಪಿ ಚುನಾವಣೆಗೂ ಬಂದಿದ್ದ. ಅವತ್ತು ಶುಕ್ರವಾರ, ಸಾಲು ರಜೆ. ಅದಿರಲಿ.

ತೋಟದ ಕೆಲಸದವರಿಗೆ ಕಟ್ಟಿಸಿದ ನಮ್ಮ ಲೈನ್ ಮನೆಯಲ್ಲಿರುವ ಎರವ ಬುಡಕಟ್ಟಿನ ಹೆಂಗಸು ಕಣದಲ್ಲಿ ಕಾಫಿ ಕೆದಕುತ್ತಿದ್ದಳು, ತಲೆ ಎತ್ತಲಿಲ್ಲ. "ಅಣ್ಣ ಇಲ್ಲಿ ಇರೂದಿಲ್ಲ, ಓಟುಂಟು. ನಾನು ಇಲ್ಲೇ ಇರೂದು, ಓಟಿಲ್ಲ" ಅಂದಳು.

ಅವನು ನಕ್ಕ. ನನಗೆ ನಗು ಬರಲಿಲ್ಲ. ಊಟಕ್ಕೆ ಕೂತಾಗಲೂ ಅದೇ ಮಾತು. ಓಟುಂಟು, ಓಟಿಲ್ಲ.

ಕೊಡಗಿನವರಾದ ನಮ್ಮದು ಹಳೇ ದೂರು. 1956ರವರೆಗೆ ನಮ್ಮದೇ ರಾಜ್ಯ ಇತ್ತು. ಮೂರಿದ್ದ ಎಮ್ಮೆಲ್ಲೆ ಸೀಟು 2008ಕ್ಕೆ ಎರಡಾಯಿತು. ಎಂಪಿ ಚುನಾವಣೆಯಲ್ಲಂತೂ ನಮ್ಮ ಮೈಸೂರು-ಕೊಡಗು ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಆರು ಮೈಸೂರು ಜಿಲ್ಲೆಯವು. ಪೇಟೆಯವರ ಲೆಕ್ಕದಲ್ಲಿ ನಮ್ಮ ಆನೆ, ನಮ್ಮ ಕುಸಿದ ಗುಡ್ಡ ಯಾರಿಗೆ ಬೇಕು ಅಂತ ಅಪ್ಪ ಪ್ರತಿ ಸಲ ಗೊಣಗುತ್ತಾರೆ. ನಾನೂ ಹೌದು ಹೌದು ಅನ್ನುತ್ತೇನೆ. ನಾವು ಎಣಿಕೆಗೆ ಸಿಗದವರು, ಅಲ್ವಾ?

ರಾತ್ರಿ ಅಪ್ಪನನ್ನು ಕೇಳಿದೆ, ಅವಳಿಗೆ ಯಾಕೆ ಓಟಿಲ್ಲ? ನಾಲ್ಕು ವರ್ಷದ ಹಿಂದೆ ಬೇರೆ ತೋಟದಿಂದ ಬಂದವಳು. ವಿಳಾಸಕ್ಕೆ ದಾಖಲೆ ಕೇಳಿದರಂತೆ. ಲೈನ್ ಮನೆಯಲ್ಲಿ ಇರುವವಳ ಹೆಸರಲ್ಲಿ ಕರೆಂಟ್ ಬಿಲ್ ಎಲ್ಲಿಂದ ಬರಬೇಕು? ಮಾಲೀಕರ ಪತ್ರ ತನ್ನಿ ಅಂದರಂತೆ. ಅವಳು ಎರಡು ಸಲ ಬಂದು ಕೇಳಿದ್ದಳಂತೆ. ಮಾಲೀಕರು ಅಂದರೆ ನಾವೇ.

"ಬರೆದುಕೊಟ್ಟರೆ ನಾಳೆ ಜಾಗ ನಂದು ಅಂತಾರೆ" ಅಂದರು ಅಪ್ಪ. 2016ರಲ್ಲಿ ನಮ್ಮ ಜಿಲ್ಲೆಯ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿ ಗಲಾಟೆ ಆದಾಗಿನಿಂದ ಅವರಿಗೆ ಈ ಭಯ. ಅಲ್ಲಿ ಗುಡಿಸಲು ಕಳೆದುಕೊಂಡವರಲ್ಲಿ ಲೈನ್ ಮನೆ ಬಿಟ್ಟು ಹೋದವರೂ ಇದ್ದರು. ಅವರು ಯಾಕೆ ಬಿಟ್ಟು ಹೋದರು ಅಂತ ಮಾತ್ರ ನಮ್ಮ ಮನೆಯಲ್ಲಿ ಯಾರೂ ಕೇಳಿದ ನೆನಪಿಲ್ಲ. ಅಪ್ಪ ಕೆಟ್ಟವರಲ್ಲ. ಅವಳ ಮಗನಿಗೆ ಜ್ವರ ಬಂದಾಗ ಜೀಪಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದವರು ಅವರೇ. ಜೀಪು ಕೊಡ್ತಾರೆ, ಒಂದು ಹಾಳೆ ಕಾಗದ ಕೊಡಲ್ಲ.

ಪತ್ರ ನಾನೇ ಬರೆದು ಮೇಜಿನ ಮೇಲಿಟ್ಟೆ. ಇವತ್ತಿಗೆ ನಾಲ್ಕು ದಿನ. ಅಪ್ಪನಿಗೆ ಸಹಿ ಹಾಕಲು ಕನ್ನಡಕ ಸಿಗುತ್ತಿಲ್ಲವಂತೆ. ಪೇಪರ್ ಮಾತ್ರ ದಿನಾ ಓದುತ್ತಿದ್ದಾರೆ.