ಮೂರೂ ಕಡೆ ಓಡುವ ಡೆಸ್ಕ್‌ಟಾಪ್ ಆಪ್‌ಗೆ ಯಾವ ಭಾಷೆ?

"ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುವ ಸಾಫ್ಟ್‌ವೇರ್ ಮಾಡಬೇಕು. ಯಾವ ಭಾಷೆ, ಯಾವ ಫ್ರೇಮ್‌ವರ್ಕ್ ತಗೊಳ್ಳಲಿ?" ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. (ಫ್ರೇಮ್‌ವರ್ಕ್ ಅಂದರೆ ಆಪ್ ಕಟ್ಟಲು ಸಿದ್ಧವಾಗಿ ಸಿಗುವ ಕೋಡ್‌ನ ಚೌಕಟ್ಟು.) ಭಾಷೆಯ ಮಾತು ಆಮೇಲೆ. ನಿಮ್ಮ ಬಟನ್, ಪಟ್ಟಿ, ಅಕ್ಷರಗಳನ್ನು ಪರದೆಯ ಮೇಲೆ ಯಾರು ಬಿಡಿಸಬೇಕು ಅನ್ನೋದನ್ನು ಮೊದಲು ಯೋಚಿಸಿ. ಅದು ಗೊತ್ತಾದರೆ ಭಾಷೆಯ ಆಯ್ಕೆ ಅರ್ಧ ಮುಗಿದ ಹಾಗೆ.

ಆಪರೇಟಿಂಗ್ ಸಿಸ್ಟಮ್‌ನ ಬಟನ್‌ಗಳನ್ನೇ ಬಳಸುವುದು ಹಳೆಯ ದಾರಿ. 1992ರಲ್ಲಿ ಶುರುವಾದ ಡಬ್ಲ್ಯುಎಕ್ಸ್‌ವಿಜೆಟ್ಸ್ (wxWidgets) ಎಂಬ ಫ್ರೇಮ್‌ವರ್ಕ್ ಇವತ್ತಿಗೂ ಹಾಗೇ ಮಾಡುತ್ತದೆ. ಸಣ್ಣ ಕೆಲಸಕ್ಕೆ ಚೆನ್ನಾಗಿದೆ.

ಈಗ ಜಾಸ್ತಿ ಜನ ಹಿಡಿಯುವುದು ಬ್ರೌಸರ್ ಎಂಜಿನ್‌ನ, ಅಂದರೆ ವೆಬ್ ಪುಟ ಬಿಡಿಸುವ ಕೋಡ್‌ನ ದಾರಿ. ವೆಬ್ ಗೊತ್ತಿದ್ದವರಿಗೆ ಅದು ಸುಲಭ, ಅಲ್ವಾ? ಈ ದಾರಿಯ ಎಲೆಕ್ಟ್ರಾನ್ ಎಂಬ ಫ್ರೇಮ್‌ವರ್ಕ್ 2013ರಲ್ಲಿ ಗಿಟ್‌ಹಬ್‌ನ ಆಟಮ್ ಎಡಿಟರ್‌ಗಾಗಿ ಹುಟ್ಟಿತು. ಮೈಕ್ರೋಸಾಫ್ಟ್‌ನ ಕೋಡ್ ಎಡಿಟರ್ ವಿಎಸ್ ಕೋಡ್ ಎಲೆಕ್ಟ್ರಾನ್ ಮೇಲೇ ನಿಂತಿದೆ. ಪ್ರತಿ ಆಪ್ ತನ್ನ ಜೊತೆ ಕ್ರೋಮ್ ಬ್ರೌಸರ್‌ನ ತಳಹದಿಯಾದ ಇಡೀ ಕ್ರೋಮಿಯಂ ಹೊತ್ತು ತರುತ್ತದೆ. ಹಾಗಾಗಿ ಚಿಕ್ಕ ಆಪ್ ಕೂಡ 100 ಎಂಬಿ ದಾಟುವುದುಂಟು. ಎಲ್ಲರೂ ಇದನ್ನು ಬೈಯುತ್ತಾರೆ. ಆದರೆ ಆ ಭಾರ ಸುಮ್ನೆ ಬಂದದ್ದಲ್ಲ. ಮೂರೂ ಕಡೆ ಒಂದೇ ಎಂಜಿನ್ ಇರುವುದರಿಂದ ಪುಟ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ.

ರಸ್ಟ್ ಭಾಷೆಯಲ್ಲಿ ಬರೆದ ಟೌರಿ ಫ್ರೇಮ್‌ವರ್ಕ್ ಈ ಭಾರ ಇಳಿಸುತ್ತದೆ. ಅದು ಸಿಸ್ಟಮ್‌ನಲ್ಲೇ ಇರುವ ವೆಬ್‌ವ್ಯೂ, ಅಂದರೆ ವೆಬ್ ಪುಟ ತೋರಿಸುವ ಭಾಗವನ್ನು ಬಳಸುತ್ತದೆ. ಆಪ್ ಕೆಲವೇ ಎಂಬಿಗೆ ಇಳಿಯಬಹುದು. ಆದರೆ ವಿಂಡೋಸ್‌ನಲ್ಲಿ ಸಿಗುವುದು ಕ್ರೋಮಿಯಂ ಕುಲದ ವೆಬ್‌ವ್ಯೂ2, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಸಿಗುವುದು ವೆಬ್‌ಕಿಟ್ ಎಂಬ ಬೇರೆ ಎಂಜಿನ್. ಸಿಸ್ಟಮ್ ವೆಬ್‌ವ್ಯೂ ನಂಬಿ ನಾನೊಂದು ಆಪ್ ಮಾಡಿದ್ದೆ. ಕೊನೆಯವರೆಗೂ ವಿಂಡೋಸ್‌ನಲ್ಲಿ ಮಾತ್ರ ನೋಡುತ್ತಾ ಬಂದೆ. ಲಿನಕ್ಸ್‌ನಲ್ಲಿ ತೆರೆದಾಗ ಅರ್ಧ ಫಾರ್ಮ್‌ಗಳ ಜೋಡಣೆ ಕೆಟ್ಟಿತ್ತು. ತಪ್ಪು ನನ್ನದೇ, ಮೊದಲ ವಾರವೇ ನೋಡಬೇಕಿತ್ತು.

ದೊಡ್ಡ ಕೋಷ್ಟಕ, ಚಿತ್ರ, ವಿಡಿಯೋ ಇರುವ, ವರ್ಷಗಟ್ಟಲೆ ಬಾಳಬೇಕಾದ ಕೆಲಸವಾದರೆ ನಾನು ಹೇಳುವುದು ಸಿ++ ಭಾಷೆಯ ಕ್ಯೂಟಿ (Qt) ಫ್ರೇಮ್‌ವರ್ಕ್. ಅದು ತನ್ನ ಬಟನ್‌ಗಳನ್ನು ತಾನೇ ಬಿಡಿಸುತ್ತದೆ. ಚಿತ್ರ ಬಿಡಿಸುವ ಕ್ರಿಟಾ ಅದನ್ನು ಬಳಸುತ್ತದೆ, ವಿಡಿಯೋ ಪ್ಲೇಯರ್ ವಿಎಲ್‌ಸಿಯೂ ವಿಂಡೋಸ್, ಲಿನಕ್ಸ್‌ನಲ್ಲಿ ಬಳಸುತ್ತದೆ. ಸಿ++ ಕಷ್ಟ ಅನಿಸಿದರೆ ಪೈಸೈಡ್ ಎಂಬ ಲೈಬ್ರರಿಯ ಮೂಲಕ ಪೈಥಾನ್‌ನಲ್ಲೇ ಬರೆಯಬಹುದು. ಲೈಸೆನ್ಸ್ ಮಾತ್ರ ಗಮನವಿಟ್ಟು ಓದಿ. ಸಿ# (ಸಿ ಶಾರ್ಪ್) ಭಾಷೆ ಬಲ್ಲವರು ಅವಲೋನಿಯಾ ಫ್ರೇಮ್‌ವರ್ಕ್ ನೋಡಲಿ. ಸಿ#ಗೇ ಇರುವ ಮೈಕ್ರೋಸಾಫ್ಟ್‌ನ ಮಾವಿ (MAUI) ಫ್ರೇಮ್‌ವರ್ಕ್‌ಗೆ ಲಿನಕ್ಸ್‌ನಲ್ಲಿ ಅಧಿಕೃತ ಬೆಂಬಲವಿಲ್ಲ.

ಏನೇ ಆರಿಸಿದರೂ ಮೊದಲ ದಿನವೇ ಒಂದು ಪುಟ್ಟ ಆಪ್ ಮಾಡಿ. ಒಂದು ಪಠ್ಯ ಪೆಟ್ಟಿಗೆ, ಫೈಲ್ ತೆರೆಯುವ ಒಂದು ಬಟನ್ ಸಾಕು. ಪೆಟ್ಟಿಗೆಯಲ್ಲಿ ಒತ್ತಕ್ಷರ ಟೈಪ್ ಮಾಡಿ, ಬಲದಿಂದ ಎಡಕ್ಕೆ ಓಡುವ ಲಿಪಿಯನ್ನೂ ಹಾಕಿ ನೋಡಿ. ಕರ್ಸರ್ ಎಲ್ಲಿ ನಿಲ್ಲುತ್ತದೆ, ಗಮನಿಸಿ. ಆಮೇಲೆ ಇನ್‌ಸ್ಟಾಲರ್ ಕಟ್ಟಿ, ಡೆವಲಪರ್ ಸಲಕರಣೆ ಏನೂ ಇಲ್ಲದ ಮೂರು ಕಂಪ್ಯೂಟರ್‌ಗಳಲ್ಲಿ ಹಾಕಿ. ಡೆವಲಪರ್‌ನ ಡಿಜಿಟಲ್ ಸಹಿ ಮತ್ತು ನೋಟರೈಸೇಷನ್ (ಆಪಲ್‌ನ ತಪಾಸಣೆ) ಇಲ್ಲದ ಆಪ್ ಅನ್ನು ಮ್ಯಾಕ್ ತಡೆದು ನಿಲ್ಲಿಸುವುದು ಆಗಲೇ ತಿಳಿಯುತ್ತದೆ. ಇದಿಷ್ಟೂ ನಡೆದರೆ ಆ ಫ್ರೇಮ್‌ವರ್ಕನ್ನೇ ಹಿಡಿದು ಕೆಲಸ ಶುರು ಮಾಡಿ.